ಸಣ್ಣ ಆರ್‌ಎನ್‌ಎ ಕ್ರೊಮ್ಯಾಟಿನ್ ಮುಚ್ಚುವುದನ್ನು ಅಳೆಯುವುದು ಹೇಗೆ: ಫಿಶನ್ ಯೀಸ್ಟ್ ಪ್ರಯೋಗದ ಸಮಗ್ರ ಮಾರ್ಗದರ್ಶಿ

ಪುಣೆಯ ಪಾಷಾಣ, ಗಣೇಶಖಿಂಡದ ಪ್ರಯೋಗಾಲಯಗಳಿಗೆ ಧಾರವಾಡ, ಬೆಳಗಾವಿ, ಕಲಬುರ್ಗಿ ಕಡೆಯಿಂದ ಪ್ರತಿ ವರ್ಷ ವಿದ್ಯಾರ್ಥಿಗಳು ಬರುತ್ತಾರೆ. ಆರ್‌ಎನ್‌ಎಐ ಅಂದರೆ ಸೈಟೋಪ್ಲಾಸಂನಲ್ಲಿ ಎಂ-ಆರ್‌ಎನ್‌ಎ ತುಂಡರಿಸುವ ವ್ಯವಸ್ಥೆ ಎಂದಷ್ಟೇ ಬಹುತೇಕರು ಓದಿಕೊಂಡಿರುತ್ತಾರೆ. ಅದೇ ವ್ಯವಸ್ಥೆ ನ್ಯೂಕ್ಲಿಯಸ್ಸಿನೊಳಗೆ ಹಿಸ್ಟೋನ್‌ಗಳ (ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್‌ಗಳು, ಎರಡೂ ಸೇರಿದ್ದೇ ಕ್ರೊಮ್ಯಾಟಿನ್) ಮೇಲೆ ಗುರುತು ಹಾಕಿಸಿ, ಕ್ರೊಮೊಸೋಮಿನ ಒಂದು ಭಾಗವನ್ನೇ ಮುಚ್ಚಿಸುತ್ತದೆ. ಅದನ್ನು ಕೈಯಾರೆ ಅಳೆದು ನೋಡುವ ಪ್ರಯೋಗ ಇಲ್ಲಿದೆ. ಬೀಡ್ ಬೀಟರ್, ಸೋನಿಕೇಟರ್, ಡಿಎನ್‌ಎ ಪ್ರಮಾಣ ಅಳೆಯುವ ಕ್ಯೂಪಿಸಿಆರ್ ಯಂತ್ರ ಇರುವ ಲ್ಯಾಬ್ ಆದರೆ ಸಾಕು.

ಫಿಶನ್ ಯೀಸ್ಟನ್ನೇ (ಸ್ಕಿಜೋಸ್ಯಾಕರೊಮೈಸಿಸ್ ಪಾಂಬೆ) ಏಕೆ ಆರಿಸಬೇಕು ಎಂಬುದಕ್ಕೆ ಗಟ್ಟಿ ಕಾರಣವಿದೆ. ಇದರಲ್ಲಿ ಡೈಸರ್ ಒಂದೇ, ಆರ್ಗೊನಾಟ್ ಒಂದೇ, ಆರ್‌ಎನ್‌ಎ ಆಧಾರಿತ ಆರ್‌ಎನ್‌ಎ ಪಾಲಿಮರೇಸ್ ಒಂದೇ. ಹಿಸ್ಟೋನ್ ಎಚ್3ರ 9ನೇ ಲೈಸಿನ್ ಮೇಲೆ ಮೀಥೈಲ್ ಗುಂಪು ಹಾಕುವ ಕಿಣ್ವವೂ ಒಂದೇ, ಸಿಎಲ್‌ಆರ್4. ಒಂದು ಜೀನ್ ಅಳಿಸಿದರೆ ಅದರ ಕೆಲಸವನ್ನು ವಹಿಸಿಕೊಳ್ಳಲು ಇನ್ನೊಂದು ಇರುವುದಿಲ್ಲ, ಹಾಗಾಗಿ ಉತ್ತರ ಸ್ಪಷ್ಟವಾಗಿ ಸಿಗುತ್ತದೆ. ಗಿಡಗಳಲ್ಲಿ 24 ನ್ಯೂಕ್ಲಿಯೋಟೈಡ್‌ನ ಸಣ್ಣ ಆರ್‌ಎನ್‌ಎಗಳು ಡಿಎನ್‌ಎ ಮೀಥೈಲೇಷನ್ ಮಾಡಿಸುತ್ತವೆ, ಹಣ್ಣುನೊಣದಲ್ಲಿ ಪೀವಿ ಪ್ರೋಟೀನ್ ಮತ್ತು ಪೈ-ಆರ್‌ಎನ್‌ಎಗಳು ಟ್ರಾನ್ಸ್‌ಪೋಸಾನ್‌ಗಳ ಬಾಯಿ ಮುಚ್ಚಿಸುತ್ತವೆ. ಆದರೆ ಅಲ್ಲೆಲ್ಲ ಒಂದೊಂದು ಪಾತ್ರಕ್ಕೂ ಹಲವು ಪ್ರೋಟೀನ್‌ಗಳಿವೆ, ಮೊದಲ ಬಾರಿ ಕೈಹಾಕುವವರಿಗೆ ದಾರಿ ತಪ್ಪುತ್ತದೆ. 2024ರ ನೊಬೆಲ್ ಪಡೆದ ಮೈಕ್ರೋಆರ್‌ಎನ್‌ಎ ಕಥೆಯನ್ನು ಇದರೊಂದಿಗೆ ಬೆರೆಸಬೇಡಿ. ಅವುಗಳ ಮುಖ್ಯ ಕೆಲಸ ಸೈಟೋಪ್ಲಾಸಂನಲ್ಲಿ, ಎಂ-ಆರ್‌ಎನ್‌ಎ ಮೇಲೆ.

ಮೊದಲು ಚಕ್ರ ಅರ್ಥವಾಗಲಿ

ಸೆಂಟ್ರೊಮಿಯರ್‌ನ ಎರಡೂ ಬದಿಯಲ್ಲಿ ಡಿಜಿ, ಡಿಎಚ್ ಎಂಬ ಪುನರಾವರ್ತಿತ ಸರಣಿಗಳಿವೆ. ಮುಚ್ಚಿದ ಕ್ರೊಮ್ಯಾಟಿನ್ ಎಂದು ಹೆಸರಾದರೂ ಇಲ್ಲಿ ಆರ್‌ಎನ್‌ಎ ಪಾಲಿಮರೇಸ್ 2 ಓಡುತ್ತದೆ, ಮುಖ್ಯವಾಗಿ ಡಿಎನ್‌ಎ ನಕಲಾಗುವ ಎಸ್ ಹಂತದಲ್ಲಿ. ಹೀಗೆ ಹುಟ್ಟಿದ ಆರ್‌ಎನ್‌ಎಯನ್ನು ಆರ್‌ಡಿಪಿ1 ಎರಡೆಳೆ ಮಾಡುತ್ತದೆ, ಡಿಸಿಆರ್1 ಅಂದರೆ ಡೈಸರ್ ಅದನ್ನು 22-23 ನ್ಯೂಕ್ಲಿಯೋಟೈಡ್‌ಗಳ ಆಸುಪಾಸಿನ ತುಂಡುಗಳಾಗಿ ಕತ್ತರಿಸುತ್ತದೆ. ತುಂಡು ಏಗೋ1 ಒಳಗೆ ಕೂರುತ್ತದೆ. ಏಗೋ1, ಸಿಎಚ್‌ಪಿ1, ಟಾಸ್3 ಸೇರಿದ ಕೂಟಕ್ಕೆ ರಿಟ್ಸ್ ಎಂದು ಹೆಸರು. ಪಾಲಿಮರೇಸ್‌ನಿಂದ ಇನ್ನೂ ಹೊರಬರುತ್ತಿರುವ ಹೊಸ ಆರ್‌ಎನ್‌ಎಗೆ ಈ ಕೂಟ ಜೋಡಿಯಾಗುತ್ತದೆ, ಎಸ್‌ಟಿಸಿ1 ಎಂಬ ಕೊಂಡಿಯ ಮೂಲಕ ಸಿಎಲ್‌ಆರ್4 ಇರುವ ಕೂಟವನ್ನು ಅಲ್ಲಿಗೆ ಕರೆತರುತ್ತದೆ. ಸಿಎಲ್‌ಆರ್4 ಹಾಕಿದ ಗುರುತನ್ನು ಸ್ವೈ6 ಎಂಬ ಪ್ರೋಟೀನ್ ಹಿಡಿಯುತ್ತದೆ, ಸಿಎಚ್‌ಪಿ1 ಕೂಡ ಹಿಡಿಯುತ್ತದೆ. ಇದರಿಂದ ರಿಟ್ಸ್ ಅದೇ ಜಾಗದಲ್ಲಿ ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತದೆ, ಇನ್ನಷ್ಟು ಸಣ್ಣ ಆರ್‌ಎನ್‌ಎ ತಯಾರಾಗುತ್ತದೆ.

ಡಿಸಿಆರ್1, ಏಗೋ1, ಆರ್‌ಡಿಪಿ1 ಇವುಗಳಲ್ಲಿ ಯಾವುದನ್ನು ಅಳಿಸಿದರೂ ಸೆಂಟ್ರೊಮಿಯರ್ ಬದಿಯ ಈ ಮೀಥೈಲ್ ಗುರುತು ಕುಸಿಯುತ್ತದೆ ಎಂದು 2002ರಲ್ಲಿ ತೋರಿಸಲಾಯಿತು. ರಿಟ್ಸ್ ಕೂಟ 2004ರಲ್ಲಿ ಸಿಕ್ಕಿತು.

ಪ್ರಯೋಗದ ವಿನ್ಯಾಸವೆಲ್ಲ ಈ ಚಕ್ರದ ಮೇಲೆ ನಿಂತಿದೆ. ಸಣ್ಣ ಆರ್‌ಎನ್‌ಎ ಇಲ್ಲದಿದ್ದರೆ ಗುರುತು ಬೀಳುವುದಿಲ್ಲ, ಗುರುತು ಇಲ್ಲದಿದ್ದರೆ ಸಣ್ಣ ಆರ್‌ಎನ್‌ಎಯೂ ಬಹಳ ಇಳಿಯುತ್ತದೆ. ಒಂದನ್ನೇ ಅಳೆದು ‘ಇದರಿಂದ ಅದು’ ಎಂದು ಬರೆದರೆ ಪರೀಕ್ಷಕರು ಒಪ್ಪುವುದಿಲ್ಲ, ಒಪ್ಪಲೂಬಾರದು. ಆದ್ದರಿಂದ ಒಂದೇ ಫ್ಲಾಸ್ಕಿನ ಕೋಶಗಳಿಂದ ಮೂರನ್ನೂ ಅಳೆಯಬೇಕು: ಡಿಜಿ ಆರ್‌ಎನ್‌ಎ, ಹಿಸ್ಟೋನ್ ಗುರುತು, ಸಣ್ಣ ಆರ್‌ಎನ್‌ಎ.

ತಳಿಗಳು

ಕನಿಷ್ಠ ಮೂರು ತಳಿ ಬೇಕು: ಮೂಲ ತಳಿ, ಡಿಸಿಆರ್1 ಡೆಲ್ಟಾ, ಸಿಎಲ್‌ಆರ್4 ಡೆಲ್ಟಾ (ಡೆಲ್ಟಾ ಅಂದರೆ ಆ ಜೀನ್ ಅಳಿಸಿದ ತಳಿ). ಮೂರರಲ್ಲೂ ಒಂದನೇ ಸೆಂಟ್ರೊಮಿಯರ್‌ನ ಹೊರ ಪುನರಾವರ್ತಿತ ಭಾಗದಲ್ಲಿ, ಯುರಾಸಿಲ್ ತಯಾರಿಗೆ ಬೇಕಾದ ಯುಆರ್‌ಎ4 ಜೀನ್ ಕೂರಿಸಿರಬೇಕು. ಇವುಗಳ ಜೊತೆ ಯುಆರ್‌ಎ4 ತನ್ನ ಸಹಜ ಜಾಗದಲ್ಲಿರುವ ಒಂದು ತಳಿ, ಪೂರ್ತಿ ಅಳಿಸಿದ ಇನ್ನೊಂದು ತಳಿ ಕಂಟ್ರೋಲ್‌ಗೆ. ನಿಮ್ಮ ಲ್ಯಾಬ್‌ನಲ್ಲಿ ಇಲ್ಲದಿದ್ದರೆ ಜಪಾನಿನ ಯೀಸ್ಟ್ ಸಂಗ್ರಹದಿಂದ ತರಿಸಬಹುದು. ಆಮದು ಅನುಮತಿಯ ಕಾಗದಪತ್ರಕ್ಕೆ ಸಮಯ ಹಿಡಿಯುತ್ತದೆ, ಪ್ರಾಜೆಕ್ಟ್ ಶುರುವಾಗುವ ಮುನ್ನವೇ ಅರ್ಜಿ ಹಾಕಿ.

ಮೇಟಿಂಗ್ ಟೈಪ್ (ಯೀಸ್ಟ್ ಕೋಶದ ಕೂಡುವಿಕೆಯ ಬಗೆ) ಯಾವುದು ಎಂದು ಈಗಲೇ ನೋಡಿಕೊಳ್ಳಿ. ಪ್ರಮಾಣಿತ 972 ಎಚ್-ಮೈನಸ್ ತಳಿಯಲ್ಲಿ ಮೌನ ಮೇಟಿಂಗ್ ಟೈಪ್ ಭಾಗದ ಕೆ-ಪ್ರದೇಶವೇ ಇಲ್ಲ. ಫಿಶನ್ ಯೀಸ್ಟಿನ ಜೀನೋಮ್ ಮಾಹಿತಿ ತಾಣ ಪಾಂಬೇಸ್ ಆ ಭಾಗವನ್ನು ಜೀನೋಮಿನಿಂದ ಬೇರೆಯೇ ಸರಣಿಯಾಗಿ ಕೊಡುವುದು ಇದೇ ಕಾರಣಕ್ಕೆ. ಆ ಪ್ರದೇಶ ನಮ್ಮ ಮುಖ್ಯ ಕಂಟ್ರೋಲ್, ಆದ್ದರಿಂದ ಎಚ್90 ಅಥವಾ ಆ ಭಾಗ ಪೂರ್ತಿ ಇರುವ ಎಚ್-ಪ್ಲಸ್ ಹಿನ್ನೆಲೆಯೇ ಬೇಕು.

ಅಳಿಸಿದ ತಳಿಗಳಲ್ಲಿ ಕ್ರೊಮೊಸೋಮ್‌ಗಳು ವಿಭಜನೆಯ ವೇಳೆ ಹಿಂದೆ ಬೀಳುತ್ತವೆ, ಬೆಳವಣಿಗೆ ಮಂದ. ಪ್ಲೇಟಿನಿಂದ ಪ್ಲೇಟಿಗೆ ಸಾಗಿಸುತ್ತಾ ಹೋದರೆ ಬೇಗ ಬೆಳೆಯುವ ಬದಲಾದ ಕೋಶಗಳು ಮೇಲುಗೈ ಪಡೆಯುತ್ತವೆ. ಪ್ರತಿ ಸಲವೂ −80 ಡಿಗ್ರಿಯ ಸ್ಟಾಕ್‌ನಿಂದ ಹೊಸದಾಗಿ ಗೆರೆ ಎಳೆಯಿರಿ.

ಹಂತ 1: ಚುಕ್ಕೆ ಪರೀಕ್ಷೆ

ದುಬಾರಿ ಆಂಟಿಬಾಡಿ ಮುಟ್ಟುವ ಮೊದಲು ತಳಿ ಸರಿಯಿದೆಯೇ ಎಂದು ಇದು ಹೇಳಿಬಿಡುತ್ತದೆ. ಪ್ರತಿ ಮಿ.ಲೀ.ಗೆ 1 ಕೋಟಿ ಕೋಶಗಳಿರುವಂತೆ ನೀರಿನಲ್ಲಿ ಕಲಕಿ, ಹತ್ತು ಪಟ್ಟಿನಂತೆ ನಾಲ್ಕು ಸಲ ತೆಳು ಮಾಡಿ, 5 ಮೈಕ್ರೋಲೀಟರ್‌ನಂತೆ ಮೂರು ಪ್ಲೇಟಿಗೆ ಚುಕ್ಕೆ ಇಡಿ: ಎಲ್ಲ ಪೋಷಕಾಂಶ ಇರುವುದು, ಯುರಾಸಿಲ್ ಇಲ್ಲದ್ದು, ಯುರಾಸಿಲ್ ಜೊತೆ ಪ್ರತಿ ಲೀಟರಿಗೆ 1 ಗ್ರಾಂ 5-ಎಫ್‌ಒಎ (ಯುಆರ್‌ಎ4 ಕೆಲಸ ಮಾಡುವ ಕೋಶವನ್ನು ಕೊಲ್ಲುವ ರಾಸಾಯನಿಕ) ಇರುವುದು. 30 ಡಿಗ್ರಿಯಲ್ಲಿ 3ರಿಂದ 5 ದಿನ.

ಮೂಲ ತಳಿಯಲ್ಲಿ ಯುಆರ್‌ಎ4 ಮುಚ್ಚಿರುವುದರಿಂದ ಯುರಾಸಿಲ್ ಇಲ್ಲದ ಪ್ಲೇಟಿನಲ್ಲಿ ಸೊರಗುತ್ತದೆ, ಎಫ್‌ಒಎ ಪ್ಲೇಟಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಎರಡೂ ಡೆಲ್ಟಾಗಳಲ್ಲಿ ಇದು ತಿರುಗುಮುರುಗು. ಎಫ್‌ಒಎ ಬಿಸಿಗೆ ಹಾಳಾಗುತ್ತದೆ, ಆಟೋಕ್ಲೇವ್ ಆದ ಮಾಧ್ಯಮ 55-60 ಡಿಗ್ರಿಗೆ ಇಳಿದ ಮೇಲೆಯೇ ಹಾಕಿ. ಡೆಲ್ಟಾ ತಳಿಯ ದಟ್ಟ ಚುಕ್ಕೆಯಲ್ಲಿ ಅಲ್ಲೊಂದು ಇಲ್ಲೊಂದು ದೊಡ್ಡ ಕಾಲೊನಿ ಎದ್ದರೆ ಅದನ್ನು ಮೌನ ಮರಳಿತು ಎಂದು ಓದಬೇಡಿ. ಯುಆರ್‌ಎ4 ಜೀನ್ ಕೆಟ್ಟ ಕೋಶವೂ ಎಫ್‌ಒಎಯಲ್ಲಿ ಬದುಕುತ್ತದೆ.

ಹಂತ 2: ಕಲ್ಚರ್, ಮತ್ತು ಉಷ್ಣಾಂಶದ ಮಾತು

ಪ್ರತಿ ತಳಿಗೆ 100 ಮಿ.ಲೀ. ವೈಇಎಸ್ ಮಾಧ್ಯಮ. ಒಂದು ಲೀಟರಿಗೆ ಯೀಸ್ಟ್ ಎಕ್ಸ್‌ಟ್ರಾಕ್ಟ್ 5 ಗ್ರಾಂ, ಗ್ಲೂಕೋಸ್ 30 ಗ್ರಾಂ, ಅಡೆನಿನ್, ಯುರಾಸಿಲ್, ಲ್ಯೂಸಿನ್, ಹಿಸ್ಟಿಡಿನ್, ಲೈಸಿನ್ ತಲಾ 225 ಮಿ.ಗ್ರಾಂ. 30 ಡಿಗ್ರಿಯಲ್ಲಿ ಬೆಳೆಸಿ ಒ.ಡಿ. (ಕಲ್ಚರಿನ ಮಬ್ಬಿನ ಅಳತೆ) 0.5ಕ್ಕೆ ನಿಲ್ಲಿಸಿ, ಅಂದರೆ ಪ್ರತಿ ಮಿ.ಲೀ.ಗೆ ಸುಮಾರು 1 ಕೋಟಿ ಕೋಶ. ಮಂದ ಬೆಳೆಯುವ ಡೆಲ್ಟಾಗಳನ್ನು ಮೊದಲೇ ಶುರು ಮಾಡಿ, ಎಲ್ಲವೂ ಒಂದೇ ಒ.ಡಿ.ಯಲ್ಲಿ ಸಿಗುವಂತೆ ನೋಡಿಕೊಳ್ಳಿ. ಒಂದು ಫ್ಲಾಸ್ಕ್ 0.5, ಇನ್ನೊಂದು 1.5 ಆದರೆ ಹೋಲಿಕೆಗೆ ಅರ್ಥವಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಪುಣೆಯ ಹೊರಗಿನ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ತಂಪು ಮಾಡುವ ವ್ಯವಸ್ಥೆ ಇಲ್ಲದ, ಬರೀ ಬಿಸಿ ಮಾಡುವ ಶೇಕರ್‌ನ ಫಲಕ 30 ತೋರಿಸಿದರೂ ಒಳಗಿನ ಫ್ಲಾಸ್ಕ್ 34-35ಕ್ಕೆ ಏರಿರಬಹುದು. ಈ ಪ್ರಯೋಗದಲ್ಲಿ ಅದು ಸಣ್ಣ ದೋಷವಲ್ಲ. ಉಷ್ಣಾಂಶ ಏರಿದಾಗ ಫಿಶನ್ ಯೀಸ್ಟಿನ ಡೈಸರ್ ನ್ಯೂಕ್ಲಿಯಸ್ ಬಿಟ್ಟು ಸೈಟೋಪ್ಲಾಸಂಗೆ ಹೊರಡುತ್ತದೆ. ನಾವು ಅಳೆಯಹೊರಟ ವ್ಯವಸ್ಥೆಯೇ ಜಾಗ ಖಾಲಿ ಮಾಡಿರುತ್ತದೆ, ಮೂಲ ತಳಿಯ ಗುರುತು ಕಾರಣವಿಲ್ಲದೆ ತಗ್ಗಿದಂತೆ ಕಾಣಬಹುದು. ನೀರು ತುಂಬಿದ ಫ್ಲಾಸ್ಕಿನೊಳಗೆ ಥರ್ಮಾಮೀಟರ್ ಇಟ್ಟು ಅಳೆಯಿರಿ, ಫಲಕದ ಅಂಕಿ ನಂಬಬೇಡಿ.

ಕಲ್ಚರ್ ಸಿದ್ಧವಾದಾಗ 50 ಮಿ.ಲೀ. ಚಿಪ್‌ಗೆ (ಗುರುತಿರುವ ಕ್ರೊಮ್ಯಾಟಿನ್ ತುಣುಕುಗಳನ್ನು ಆಂಟಿಬಾಡಿಯಿಂದ ಹಿಡಿದು ಅಳೆಯುವ ವಿಧಾನ), ಉಳಿದದ್ದು ಆರ್‌ಎನ್‌ಎಗೆ. ಆರ್‌ಎನ್‌ಎ ಭಾಗವನ್ನು ಸ್ಪಿನ್ ಮಾಡಿ, ಗುಳಿಗೆಯನ್ನು ದ್ರವ ಸಾರಜನಕದಲ್ಲಿ ಅದ್ದಿ −80ಕ್ಕೆ ಹಾಕಿ.

ಹಂತ 3: ಚಿಪ್

ಹೆಚ್ಚು ಜನ ಎಡವುವುದು ಇಲ್ಲಿ.

50 ಮಿ.ಲೀ. ಕಲ್ಚರಿಗೆ ಶೇ 37ರ ಫಾರ್ಮಾಲ್ಡಿಹೈಡ್ 1.4 ಮಿ.ಲೀ. ಹಾಕಿದರೆ ಶೇ 1 ಆಗುತ್ತದೆ. ಫ್ಯೂಮ್ ಹುಡ್ ಒಳಗೇ ಮಾಡಿ. ಬಾಟಲಿಯ ತಳದಲ್ಲಿ ಬಿಳಿ ಮಡ್ಡಿ ಕಂಡರೆ ಆ ಬಾಟಲಿ ಬೇಡ, ಫಾರ್ಮಾಲ್ಡಿಹೈಡ್ ಪಾಲಿಮರ್ ಆಗಿದೆ, ನಿಜವಾದ ಪ್ರಮಾಣ ಗೊತ್ತಾಗುವುದಿಲ್ಲ. ಪ್ರೊಟೊಕಾಲ್‌ಗಳಲ್ಲಿ ‘ಕೋಣೆಯ ಉಷ್ಣಾಂಶದಲ್ಲಿ 15 ನಿಮಿಷ’ ಎಂದಿರುತ್ತದೆ. ಮೇ ತಿಂಗಳ ಪುಣೆಯ ಕೋಣೆಗೂ ಯುರೋಪಿನ ಕೋಣೆಗೂ ಹತ್ತು ಡಿಗ್ರಿ ವ್ಯತ್ಯಾಸ, ಕ್ರಾಸ್‌ಲಿಂಕ್ ಅಷ್ಟೂ ಹೆಚ್ಚಾಗಿ ಕ್ರೊಮ್ಯಾಟಿನ್ ಒಡೆಯದಂತಾಗುತ್ತದೆ. 25 ಡಿಗ್ರಿಯ ನೀರಿನ ತೊಟ್ಟಿಯಲ್ಲಿಟ್ಟು ಮಾಡಿ, ವರ್ಷವಿಡೀ ಒಂದೇ ಫಲಿತಾಂಶ ಸಿಗುತ್ತದೆ. ನಂತರ 2.5 ಮೋಲಾರ್ ಗ್ಲೈಸಿನ್ 2.7 ಮಿ.ಲೀ. ಹಾಕಿ 5 ನಿಮಿಷ ಬಿಡಿ. ತಣ್ಣನೆಯ ಟಿಬಿಎಸ್‌ನಲ್ಲಿ ಎರಡು ಸಲ ತೊಳೆಯಿರಿ.

ಲೈಸಿಸ್ ಬಫರ್: 50 ಮಿಲಿಮೋಲಾರ್ ಹೆಪೆಸ್ ಪಿಎಚ್ 7.5, 140 ಮಿಲಿಮೋಲಾರ್ ಉಪ್ಪು, 1 ಮಿಲಿಮೋಲಾರ್ ಇಡಿಟಿಎ, ಶೇ 1 ಟ್ರೈಟಾನ್, ಶೇ 0.1 ಸೋಡಿಯಂ ಡಿಆಕ್ಸಿಕೋಲೇಟ್. ಪಿಎಂಎಸ್ಎಫ್ ಮತ್ತು ಪ್ರೋಟಿಯೇಸ್ ತಡೆಗಳನ್ನು ಬಳಸುವ ಕ್ಷಣದಲ್ಲೇ ಹಾಕಿ, ನೀರಿನಲ್ಲಿ ಪಿಎಂಎಸ್ಎಫ್ ಬೇಗ ಸಾಯುತ್ತದೆ.

ಗುಳಿಗೆಯನ್ನು 400 ಮೈಕ್ರೋಲೀಟರ್ ಬಫರಿನಲ್ಲಿ ಕಲಕಿ, ಅಷ್ಟೇ ಗಾತ್ರದ 0.5 ಮಿ.ಮೀ. ಗಾಜಿನ ಮಣಿ ಹಾಕಿ, ಬೀಡ್ ಬೀಟರ್‌ನಲ್ಲಿ 1 ನಿಮಿಷ ಓಡಿಸಿ 2 ನಿಮಿಷ ಐಸ್, ಹೀಗೆ ನಾಲ್ಕರಿಂದ ಆರು ಸಲ. ಫೇಸ್ ಕಾಂಟ್ರಾಸ್ಟ್‌ನಲ್ಲಿ ಒಂದು ಹನಿ ನೋಡಿ. ಹೊಳೆಯುವ ಕೋಶ ಅಂದರೆ ಇಡಿಯಾಗಿದೆ, ಮಂಕಾದ ಕಪ್ಪು ಕೋಶ ಅಂದರೆ ಒಡೆದಿದೆ. ಹತ್ತರಲ್ಲಿ ಒಂಬತ್ತು ಕಪ್ಪಾಗುವವರೆಗೆ ಮುಂದೆ ಹೋಗಬೇಡಿ. ಸೋನಿಕೇಟರ್ ಯೀಸ್ಟಿನ ಗೋಡೆ ಒಡೆಯುತ್ತದೆ ಎಂದುಕೊಂಡು ಈ ಹಂತದಲ್ಲಿ ಅವಸರ ಮಾಡಿದ್ದೇ ಬಹುಪಾಲು ಸೋತ ಚಿಪ್‌ಗಳ ಮೂಲ.

ಮಣಿಯಿಂದ ದ್ರವ ಬೇರ್ಪಡಿಸಲು ಸೂಜಿಯ ತುದಿಯನ್ನು ಜ್ವಾಲೆಗೆ ಹಿಡಿದು ಕೆಂಪಾದ ಮೇಲೆ ಟ್ಯೂಬಿನ ತಳಕ್ಕೆ ಒಂದೇ ಸಲ ಚುಚ್ಚಿ ತೆಗೆಯಿರಿ. ಟ್ಯೂಬನ್ನು ಇನ್ನೊಂದು ಟ್ಯೂಬಿನ ಮೇಲೆ ಕೂರಿಸಿ ನಿಧಾನವಾಗಿ, 1000 ಜಿಯಲ್ಲಿ ಒಂದು ನಿಮಿಷ ಸ್ಪಿನ್ ಮಾಡಿದರೆ ಮಣಿ ಮೇಲೆ ಉಳಿದು ದ್ರವವಷ್ಟೇ ಇಳಿಯುತ್ತದೆ. ತೂತು ದೊಡ್ಡದಾದರೆ ಮಣಿಯೂ ಜಾರುತ್ತದೆ, ಆಗ ದ್ರವವನ್ನು ಬೇರೆ ಟ್ಯೂಬಿಗೆ ತೆಗೆದುಕೊಂಡು ಮುಂದುವರಿಯಿರಿ.

ಸೋನಿಕೇಷನ್ 30 ಸೆಕೆಂಡ್ ಓಟ, 30 ಸೆಕೆಂಡ್ ಬಿಡುವು. ನೀರು 4 ಡಿಗ್ರಿಯಲ್ಲೇ ಇರಲಿ. ಎಷ್ಟು ಸುತ್ತು ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. 5, 10, 15, 20 ಸುತ್ತಿನ ಮಾದರಿ ತೆಗೆದು, ಕ್ರಾಸ್‌ಲಿಂಕ್ ಬಿಡಿಸಿ, ಶೇ 1.5 ಅಗರೋಸ್‌ನಲ್ಲಿ ಓಡಿಸಿ, 300-500 ಬೇಸ್ ಜೋಡಿಗೆ ಬರುವ ಸುತ್ತನ್ನು ಆರಿಸಿ. ಕ್ರಾಸ್‌ಲಿಂಕ್ ಬಿಡಿಸದೆ ಜೆಲ್‌ಗೆ ಹಾಕಿದರೆ ಡಿಎನ್‌ಎ ಮೇಲೆಯೇ ಸಿಕ್ಕಿಕೊಂಡು ಸೋನಿಕೇಷನ್ ಆಗಿಲ್ಲವೆಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಗರಿಷ್ಠ ವೇಗದಲ್ಲಿ 15 ನಿಮಿಷ ಸ್ಪಿನ್ ಮಾಡಿ ಮೇಲಿನ ದ್ರವ ತೆಗೆದುಕೊಳ್ಳಿ. ಶೇ 10 ಭಾಗವನ್ನು ಇನ್‌ಪುಟ್ ಎಂದು ಎತ್ತಿಡಿ. ಉಳಿದುದನ್ನು ಮೂರು ಪಾಲು ಮಾಡಿ: ಎಚ್3-ಕೆ9 ಡೈಮೀಥೈಲ್ ಆಂಟಿಬಾಡಿ 2 ಮೈಕ್ರೋಗ್ರಾಂ, ಒಟ್ಟು ಎಚ್3 ಆಂಟಿಬಾಡಿ, ಆಂಟಿಬಾಡಿ ಇಲ್ಲದ್ದು. 4 ಡಿಗ್ರಿಯಲ್ಲಿ ರಾತ್ರಿಯಿಡೀ ತಿರುಗಲಿ. ಪುಣೆಯಲ್ಲಿ ವಿದ್ಯುತ್, ನೀರಿನ ನಿರ್ವಹಣೆಗೆ ಸಾಮಾನ್ಯವಾಗಿ ಗುರುವಾರ ಕಡಿತ ಮಾಡುತ್ತಾರೆ. ಕೋಲ್ಡ್ ರೂಮಿಗೆ ಜನರೇಟರ್ ಬೆಂಬಲ ಇಲ್ಲದಿದ್ದರೆ ಬುಧವಾರ ರಾತ್ರಿ ಈ ಹಂತ ಬೇಡ, ಸೋಮವಾರ ಶುರು ಮಾಡಿ.

ಬೆಳಿಗ್ಗೆ ಪ್ರೋಟೀನ್ ಜಿ ಮ್ಯಾಗ್ನೆಟಿಕ್ ಬೀಡ್ 25 ಮೈಕ್ರೋಲೀಟರ್ ಹಾಕಿ 2 ಗಂಟೆ. ತೊಳೆಯುವ ಕ್ರಮ: ಲೈಸಿಸ್ ಬಫರ್, 500 ಮಿಲಿಮೋಲಾರ್ ಉಪ್ಪಿರುವ ಲೈಸಿಸ್ ಬಫರ್, 250 ಮಿಲಿಮೋಲಾರ್ ಲಿಥಿಯಂ ಕ್ಲೋರೈಡ್ ಬಫರ್, ಕೊನೆಗೆ ಟಿಇ. ತಲಾ 5 ನಿಮಿಷ. ಕೊನೆಯ ತೊಳೆತಕ್ಕೆ ಬೀಡ್‌ಗಳನ್ನು ಹೊಸ ಟ್ಯೂಬಿಗೆ ವರ್ಗಾಯಿಸಿ. ಪ್ಲಾಸ್ಟಿಕ್ ಗೋಡೆಗೆ ಅಂಟಿದ ಡಿಎನ್‌ಎ ಹಿನ್ನೆಲೆಯನ್ನು ಏರಿಸುತ್ತದೆ. ಶೇ 1 ಎಸ್‌ಡಿಎಸ್ ಇರುವ ಟಿಇಯಲ್ಲಿ 65 ಡಿಗ್ರಿಗೆ ಬಿಡಿಸಿ, ಇನ್‌ಪುಟ್ ಸಹಿತ ರಾತ್ರಿಯಿಡೀ 65 ಡಿಗ್ರಿ, ಮರುದಿನ ಪ್ರೋಟೀನೇಸ್ ಕೆ, ಕಾಲಂ ಶುದ್ಧೀಕರಣ.

ಹಂತ 4: ಕ್ಯೂಪಿಸಿಆರ್ ಮತ್ತು ಲೆಕ್ಕ

ಪ್ರೈಮರ್ ಜೋಡಿ ಮೂರು: ಡಿಜಿ, ಎಸಿಟಿ1 (ತೆರೆದ ಜೀನ್), ಮೇಟಿಂಗ್ ಟೈಪ್ ಪ್ರದೇಶ. ಮೂರನೆಯದನ್ನು ಆರಿಸುವಾಗ ಎಚ್ಚರ. ಅಲ್ಲಿರುವ ಸೆನ್‌ಎಚ್ ಎಂಬ ತುಣುಕು ಡಿಜಿ, ಡಿಎಚ್ ಸರಣಿಗಳನ್ನು ಬಹಳ ಹೋಲುತ್ತದೆ. ಅದರೊಳಗೆ ಪ್ರೈಮರ್ ಬಿದ್ದರೆ ನೀವು ಸೆಂಟ್ರೊಮಿಯರನ್ನೇ ಮತ್ತೆ ಅಳೆಯುತ್ತಿರುತ್ತೀರಿ. ಸೆನ್‌ಎಚ್‌ಗೂ ಮ್ಯಾಟ್3ಗೂ ನಡುವಿನ ಅನನ್ಯ ಸರಣಿ ಹಿಡಿಯಿರಿ. ಪ್ರೈಮರ್ ದಕ್ಷತೆ ಶೇ 90ರಿಂದ 110ರೊಳಗೆ ಇರಲಿ.

ಲೆಕ್ಕದ ರೀತಿಗೆ ಒಂದು ಮಾದರಿ ಅಂಕಿ. ಮೂಲ ತಳಿಯಲ್ಲಿ ಡಿಜಿಯ ಸಿಟಿ (ಸಂಕೇತ ಕಾಣಿಸಿಕೊಳ್ಳುವ ಪಿಸಿಆರ್ ಸುತ್ತು, ಕಡಿಮೆಯಾದಷ್ಟೂ ಡಿಎನ್‌ಎ ಹೆಚ್ಚು) ಇನ್‌ಪುಟ್‌ನಲ್ಲಿ 18.0, ಚಿಪ್‌ನಲ್ಲಿ 21.0, ವ್ಯತ್ಯಾಸ 3.0. ಎಸಿಟಿ1 ಇನ್‌ಪುಟ್‌ನಲ್ಲಿ 21.0, ಚಿಪ್‌ನಲ್ಲಿ 29.5, ವ್ಯತ್ಯಾಸ 8.5. ಈ ಎರಡು ವ್ಯತ್ಯಾಸಗಳ ಅಂತರ 5.5, 2ರ 5.5ನೇ ಘಾತ ಅಂದರೆ ಸುಮಾರು 45 ಪಟ್ಟು. ಡಿಸಿಆರ್1 ಡೆಲ್ಟಾದಲ್ಲಿ ಡಿಜಿ ವ್ಯತ್ಯಾಸ 6.0 ಆದರೆ 5.7 ಪಟ್ಟು. ಸಿಎಲ್‌ಆರ್4 ಡೆಲ್ಟಾದಲ್ಲಿ 8.5ರ ಹತ್ತಿರ, ಅಂದರೆ 1 ಪಟ್ಟು. ಡಿಜಿಗೆ ಹಲವು ಪ್ರತಿಗಳಿವೆ, ಹಾಗಾಗಿ ಇನ್‌ಪುಟ್‌ನಲ್ಲೇ ಅದರ ಸಿಟಿ ಕಡಿಮೆ. ಇನ್‌ಪುಟ್‌ನಿಂದ ಭಾಗಿಸದೆ ಚಿಪ್ ಅಂಕಿಗಳನ್ನಷ್ಟೇ ಹೋಲಿಸಿದರೆ ಗುರುತು ಇಲ್ಲದ ಕಡೆಯೂ ಗುರುತು ಕಾಣುತ್ತದೆ. ಕೊನೆಗೆ ಒಟ್ಟು ಎಚ್3 ಅಂಕಿಯಿಂದಲೂ ಭಾಗಿಸಿ, ನ್ಯೂಕ್ಲಿಯೋಸೋಮ್ ಸಂಖ್ಯೆಯೇ ಬದಲಾಗಿಲ್ಲ ಎಂದು ಖಚಿತಪಡಿಸಿ.

ಸಿಎಲ್‌ಆರ್4 ಡೆಲ್ಟಾದಲ್ಲಿ 1ಕ್ಕಿಂತ ಗಣನೀಯವಾಗಿ ಹೆಚ್ಚು ಬಂದರೆ ಆಂಟಿಬಾಡಿಯ ಮೇಲೋ ತೊಳೆತದ ಮೇಲೋ ಅನುಮಾನ ಪಡಿ, ಕಿಣ್ವವೇ ಇಲ್ಲದ ಕೋಶದಲ್ಲಿ ಗುರುತು ಇರಲು ಸಾಧ್ಯವಿಲ್ಲ.

ಹಂತ 5: ಉದ್ದ ಆರ್‌ಎನ್‌ಎ, ಸಣ್ಣ ಆರ್‌ಎನ್‌ಎ

ಆಮ್ಲೀಯ ಫೀನಾಲ್‌ನಲ್ಲಿ 65 ಡಿಗ್ರಿಗೆ ಆರ್‌ಎನ್‌ಎ ತೆಗೆಯಿರಿ. ಡಿಜಿ ಆರ್‌ಎನ್‌ಎ ಅಳೆಯುವಾಗ ಡಿಎನ್‌ಏಸ್ ಹಂತವನ್ನು ಎರಡು ಸಲ ಮಾಡುವುದು ಒಳ್ಳೆಯದು. ಹಲವು ಪ್ರತಿಗಳಿರುವ ಸರಣಿಯಾದ್ದರಿಂದ ಚೂರು ಡಿಎನ್‌ಎ ಉಳಿದರೂ ಮೂಲ ತಳಿಯ ಸಣ್ಣ ಸಂಕೇತ ಮುಳುಗಿಹೋಗುತ್ತದೆ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ಕಂಟ್ರೋಲ್ ಪ್ರತಿ ಮಾದರಿಗೂ ಇರಲಿ.

ಸಣ್ಣ ಆರ್‌ಎನ್‌ಎ ಎಲ್ಲಿ ಕಳೆದುಹೋಗುತ್ತದೆ ಎಂಬುದು ಗೊತ್ತಿರಬೇಕು. ಲಿಥಿಯಂ ಕ್ಲೋರೈಡ್ ಅದನ್ನು ಸರಿಯಾಗಿ ಕೆಳಗಿಳಿಸುವುದಿಲ್ಲ. ಸಾಮಾನ್ಯ ಆರ್‌ಎನ್‌ಎ ಕಾಲಂ 200 ನ್ಯೂಕ್ಲಿಯೋಟೈಡ್‌ಗಿಂತ ಚಿಕ್ಕದನ್ನು ಬಹುತೇಕ ಚೆಲ್ಲಿಬಿಡುತ್ತದೆ. ಈ ಎರಡನ್ನೂ ಬಿಡಿ. ಒಟ್ಟು ಆರ್‌ಎನ್‌ಎಗೆ ಕೊನೆಯ ಪ್ರಮಾಣ ಶೇ 5 ಪಿಇಜಿ 8000, 0.5 ಮೋಲಾರ್ ಉಪ್ಪು ಆಗುವಂತೆ ಹಾಕಿ, ಐಸ್ ಮೇಲೆ 30 ನಿಮಿಷ ಇಟ್ಟು ಸ್ಪಿನ್ ಮಾಡಿ. ಉದ್ದ ಆರ್‌ಎನ್‌ಎ ತಳಕ್ಕೆ, ಸಣ್ಣದು ಮೇಲಿನ ದ್ರವದಲ್ಲಿ. ಆ ದ್ರವಕ್ಕೆ ಗ್ಲೈಕೊಜನ್ ಮತ್ತು ಮೂರು ಪಟ್ಟು ಎಥನಾಲ್ ಹಾಕಿ −20ರಲ್ಲಿ ರಾತ್ರಿಯಿಡೀ ಇಡಿ.

ಶೇ 15 ಅಕ್ರಿಲಮೈಡ್, 7 ಮೋಲಾರ್ ಯೂರಿಯಾ ಜೆಲ್. ಮಾದರಿ ಹಾಕುವ ಮುನ್ನ ಬಾವಿಗಳಿಂದ ಯೂರಿಯಾವನ್ನು ಸಿರಿಂಜಿನಿಂದ ರಭಸವಾಗಿ ತೊಳೆಯಿರಿ, ಇಲ್ಲದಿದ್ದರೆ ಪಟ್ಟಿಗಳು ಸೊಟ್ಟಗಾಗುತ್ತವೆ. ತಟಸ್ಥ ನೈಲಾನ್ ಮೆಂಬ್ರೇನ್‌ಗೆ ವರ್ಗಾಯಿಸಿ, ಯುವಿ ಬದಲು ಇಡಿಸಿ ಎಂಬ ರಾಸಾಯನಿಕದಿಂದ 60 ಡಿಗ್ರಿಯಲ್ಲಿ 1-2 ಗಂಟೆ ಬಂಧಿಸಿ. ಡೈಸರ್ ಕತ್ತರಿಸಿದ ತುಂಡಿನ 5′ ತುದಿಯಲ್ಲಿ ಫಾಸ್ಫೇಟ್ ಇರುತ್ತದೆ, ಇಡಿಸಿ ಹಿಡಿಯುವುದು ಅದನ್ನೇ, ಹಾಗಾಗಿ ಸಂಕೇತ ಯುವಿಗಿಂತ ಬಹಳ ಬಲವಾಗಿ ಬರುತ್ತದೆ. ಇಡಿಸಿ ತೇವ ಹೀರುತ್ತದೆ. ಮುಂಬೈ, ಗೋವಾದ ಮಳೆಗಾಲದಲ್ಲಿ ಬಾಟಲಿ ನಾಲ್ಕು ಸಲ ತೆರೆದರೆ ಸತ್ತಂತೆಯೇ. ತಂದ ದಿನವೇ ಸಣ್ಣ ಟ್ಯೂಬ್‌ಗಳಲ್ಲಿ ಹಂಚಿ, ಸಿಲಿಕಾ ಜೆಲ್ ಜೊತೆ −20ರಲ್ಲಿ ಇಡಿ, ತೆರೆಯುವ ಮುನ್ನ ಕೋಣೆಯ ಉಷ್ಣಾಂಶಕ್ಕೆ ಬರಲು ಬಿಡಿ.

ಪ್ರೋಬ್‌ಗೆ (ಸಣ್ಣ ಆರ್‌ಎನ್‌ಎಗೆ ಜೋಡಿಯಾಗಿ ಅದನ್ನು ತೋರಿಸುವ ತುಣುಕು) ಡಿಐಜಿ ಎಂಬ ವಿಕಿರಣವಿಲ್ಲದ ಲೇಬಲ್ ಸಾಕಾಗುತ್ತದೆ. ವಿಕಿರಣಶೀಲ ಪಿ-32 ಬಳಸುವುದಾದರೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಅನುಮತಿಯಿರುವ ಕೋಣೆ ಬೇಕು. ಅದರ ಅರ್ಧಾಯು 14.3 ದಿನ, ಮೆಂಬ್ರೇನ್ ಸಿದ್ಧವಾಗುವ ವಾರಕ್ಕೆ ಸರಿಯಾಗಿ ತರಿಸಿ. 40 ಡಿಗ್ರಿಯ ಆಸುಪಾಸಿನಲ್ಲಿ ರಾತ್ರಿಯಿಡೀ ಹೈಬ್ರಿಡೈಸ್ ಮಾಡಿ. ಲೋಡಿಂಗ್ ಕಂಟ್ರೋಲ್‌ಗೆ ಅದೇ ಮೆಂಬ್ರೇನ್ ಮೇಲೆ ಯು6 ಆರ್‌ಎನ್‌ಎ ನೋಡಿ.

ಫಲಿತಾಂಶ ಓದುವುದು

ಡಿಸಿಆರ್1 ಡೆಲ್ಟಾದಲ್ಲಿ ಡಿಜಿ ಆರ್‌ಎನ್‌ಎ ಹತ್ತಾರು ಪಟ್ಟು ಏರುತ್ತದೆ, ಸಣ್ಣ ಆರ್‌ಎನ್‌ಎ ಪಟ್ಟಿ ಮಾಯವಾಗುತ್ತದೆ, ಡಿಜಿ ಮೇಲಿನ ಗುರುತು ಬಹಳ ತಗ್ಗಿದರೂ ಪೂರ್ತಿ ಅಳಿಯುವುದಿಲ್ಲ. ಉಳಿದ ಆ ಗುರುತನ್ನು ಪ್ರಯೋಗದ ಕೊಳೆ ಎಂದು ತಳ್ಳಿಹಾಕಬೇಡಿ. ಸಿಎಲ್‌ಆರ್4ಗೆ ತನ್ನದೇ ಕ್ರೊಮೊಡೊಮೇನ್ ಇದೆ, ಹಳೆಯ ಗುರುತನ್ನು ಹಿಡಿದು ಪಕ್ಕದ ನ್ಯೂಕ್ಲಿಯೋಸೋಮ್ ಮೇಲೆ ಹೊಸದನ್ನು ಬರೆಯಬಲ್ಲದು.

ಮೇಟಿಂಗ್ ಟೈಪ್ ಪ್ರದೇಶದಲ್ಲಿ ಡಿಸಿಆರ್1 ಡೆಲ್ಟಾದ ಗುರುತು ಮೂಲ ತಳಿಯಷ್ಟೇ ಇರಬೇಕು. ಅಲ್ಲಿ ಎಟಿಎಫ್1, ಪಿಸಿಆರ್1 ಎಂಬ ಡಿಎನ್‌ಎ ಹಿಡಿಯುವ ಪ್ರೋಟೀನ್‌ಗಳು ಸಣ್ಣ ಆರ್‌ಎನ್‌ಎ ನೆರವಿಲ್ಲದೆಯೂ ಸಿಎಲ್‌ಆರ್4 ಅನ್ನು ಕರೆಯುತ್ತವೆ. ಡಿಜಿಯಲ್ಲಿ ಇಳಿದು ಇಲ್ಲಿ ಇಳಿಯದಿದ್ದರೆ ಮಾತ್ರ ‘ಸಣ್ಣ ಆರ್‌ಎನ್‌ಎ ಇಲ್ಲದ್ದರಿಂದ ಗುರುತು ಹೋಯಿತು’ ಎನ್ನುವ ಹಕ್ಕು ನಿಮಗಿದೆ. ಎರಡೂ ಕಡೆ ಒಟ್ಟಿಗೆ ಇಳಿದರೆ ಆ ಮಾದರಿಯ ಚಿಪ್ ಕೆಟ್ಟಿದೆ, ಅಥವಾ ತಳಿಯಲ್ಲಿ ಆ ಪ್ರದೇಶವೇ ಇಲ್ಲ.

ಸಿಎಲ್‌ಆರ್4 ಡೆಲ್ಟಾದಲ್ಲಿ ಡೈಸರ್ ಇದ್ದೂ ಸಣ್ಣ ಆರ್‌ಎನ್‌ಎ ಬಹಳ ಇಳಿದಿರುತ್ತದೆ. ಚಕ್ರ ಎರಡೂ ದಿಕ್ಕಿನಲ್ಲಿ ತಿರುಗುವುದಕ್ಕೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಇದೇ.

ಪ್ರತಿ ಅಳತೆಗೂ ಬೇರೆ ಬೇರೆ ದಿನ ಬೆಳೆಸಿದ ಮೂರು ಕಲ್ಚರ್ ಬೇಕು. ಒಂದೇ ಡಿಎನ್‌ಎಯನ್ನು ಪ್ಲೇಟಿನ ಮೂರು ಬಾವಿಗೆ ಹಾಕಿದ್ದು ಪೈಪೆಟ್ ಹಿಡಿದ ಕೈಯ ಪರೀಕ್ಷೆ ಮಾತ್ರ.

ಇನ್ನೂ ಸಮಯವಿದ್ದರೆ ಗುರುತು ಮೊದಲು ಹಾಕುವುದನ್ನೂ ಇದ್ದ ಗುರುತನ್ನು ಉಳಿಸಿಕೊಳ್ಳುವುದನ್ನೂ ಬೇರ್ಪಡಿಸಬಹುದು. ಸಿಎಲ್‌ಆರ್4 ಮಾತ್ರ ಅಳಿಸಿದ ತಳಿ ಒಂದು, ಸಿಎಲ್‌ಆರ್4 ಮತ್ತು ಡಿಸಿಆರ್1 ಎರಡನ್ನೂ ಅಳಿಸಿದ್ದು ಇನ್ನೊಂದು. ಎರಡಕ್ಕೂ ಸಿಎಲ್‌ಆರ್4 ಜೀನನ್ನು ಅದರ ಸಹಜ ಜಾಗಕ್ಕೇ ಮರಳಿ ಕೂರಿಸಿ ಚಿಪ್ ಮಾಡಿ. ಡೈಸರ್ ಇರುವ ತಳಿಯಲ್ಲಿ ಡಿಜಿ ಮೇಲೆ ಗುರುತು ಮತ್ತೆ ಕಟ್ಟಿಕೊಳ್ಳುತ್ತದೆ, ಇಲ್ಲದ್ದರಲ್ಲಿ ಖಾಲಿ ಹಾಳೆಯ ಮೇಲೆ ಹೊಸದಾಗಿ ಬರೆಯಲು ದಾರಿ ತೋರುವವರಿಲ್ಲ. ಪ್ಲಾಸ್ಮಿಡ್‌ನಲ್ಲಿ ಬಲವಾದ ಪ್ರಮೋಟರ್ ಕೊಟ್ಟು ಸಿಎಲ್‌ಆರ್4 ತುಂಬಬೇಡಿ, ಕಿಣ್ವ ಅತಿಯಾದಾಗ ಸಣ್ಣ ಆರ್‌ಎನ್‌ಎಯ ಅಗತ್ಯವೇ ಮಸುಕಾಗಬಹುದು. ಪ್ರತಿ ತಳಿಯಿಂದ ಕನಿಷ್ಠ ನಾಲ್ಕು ಸ್ವತಂತ್ರ ಕಾಲೊನಿ ಆರಿಸಿ, ಪ್ರತಿಯೊಂದನ್ನೂ ಪಿಸಿಆರ್‌ನಿಂದ ಖಚಿತಪಡಿಸಿ, ಪರೀಕ್ಷೆಗೆ ಮೊದಲೇ ಗ್ಲಿಸರಾಲ್ ಸ್ಟಾಕ್ ಮಾಡಿಡಿ.